ಡಂಪ್ ಮೇಲಿನ ಹಸಿರು ನಿಜವಾಗಿ ಬೇರೂರಿದೆಯೇ? ಗಣಿ ನೆಲದ ಸಸ್ಯ ಸಮೀಕ್ಷೆಗೆ ದೋಷ ನಿವಾರಣೆ ಕೈಪಿಡಿ

ಸಂಡೂರು, ಹೊಸಪೇಟೆ, ಬಳ್ಳಾರಿ ಸುತ್ತಿನ ಕಬ್ಬಿಣದ ಅದಿರು ಗಣಿಗಳನ್ನು 2011ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿತು. ಮತ್ತೆ ತೆರೆಯಬೇಕಾದರೆ ಗಣಿಯವರು ‘ಆರ್ ಅಂಡ್ ಆರ್’ ಎನ್ನುವ ಪುನಶ್ಚೇತನ ಯೋಜನೆ ಜಾರಿಗೆ ತರಬೇಕೆಂಬ ಷರತ್ತೂ ಬಂತು. ಅಲ್ಲಿಂದೀಚೆಗೆ ಡಂಪ್‌ಗಳ (ಗಣಿಯಿಂದ ತೆಗೆದು ಸುರಿದ ಮಣ್ಣು ಕಲ್ಲಿನ ಗುಡ್ಡಗಳ) ಮೇಲೆ ಸಸಿ ನೆಡುವುದು, ಇಳಿಜಾರಿಗೆ ತೆಂಗಿನ ನಾರಿನ ಹಾಸು ಹೊದಿಸುವುದು, ಬುಡಕ್ಕೆ ತಡೆಗೋಡೆ ಕಟ್ಟುವುದು ನಡೆದೇ ಇದೆ. ನೆಟ್ಟ ಮೇಲಿನ ಲೆಕ್ಕದಲ್ಲೇ ತೊಡಕು. ವರದಿ ಒಂದು ಹೇಳುತ್ತದೆ, ನೆಲ ಇನ್ನೊಂದು. ಈ ಕೈಪಿಡಿ ಆ ಅಂತರ ಹುಡುಕುವವರಿಗೆ: ಗಣಿಯ ಪರಿಸರ ವಿಭಾಗದವರು, ಅರಣ್ಯ ಸಿಬ್ಬಂದಿ, ಸಮೀಕ್ಷೆಗೆ ಬರುವ ವಿದ್ಯಾರ್ಥಿಗಳು.

ಎಲ್ಲ ಕಡೆಗೂ ಒಂದೇ ಕ್ರಮ. ಮೊದಲು ಅಳತೆಯನ್ನು ಅನುಮಾನಿಸಿ, ಆಮೇಲೆ ಗಿಡವನ್ನು, ಕೊನೆಗೆ ಮಣ್ಣನ್ನು. ಅಳತೆ ತಪ್ಪಿದ್ದರೆ ಸರಿಪಡಿಸಲು ಖರ್ಚೇ ಇಲ್ಲ. ಮಣ್ಣು ತಪ್ಪಿದ್ದರೆ ಯಂತ್ರ ತರಬೇಕು.

ಡಂಪ್ ಏರುವ ಮುನ್ನ

ಗಣಿ ಮ್ಯಾನೇಜರ್ ಅನುಮತಿ ಇಲ್ಲದೆ, ಆ ದಿನದ ಸ್ಫೋಟದ ಸಮಯ ತಿಳಿಯದೆ ಒಳಗೆ ಹೋಗಬೇಡಿ. ಹೆಲ್ಮೆಟ್, ಗಟ್ಟಿ ಶೂ, ಹೊಳೆಯುವ ಜಾಕೆಟ್, ದೂಳಿಗೆ ಮಾಸ್ಕ್ ಬೇಕು. ಒಬ್ಬರೇ ಹೋಗಬಾರದು. ಸಂಡೂರು ಬೆಟ್ಟಗಳಲ್ಲಿ ಕರಡಿ, ಚಿರತೆ ಓಡಾಡುತ್ತವೆ. ನಸುಕಿನಲ್ಲೂ ಮುಸ್ಸಂಜೆಯಲ್ಲೂ ಪೊದೆ ದಟ್ಟವಾದ ಕಡೆ ಕೆಲಸ ಇಟ್ಟುಕೊಳ್ಳಬೇಡಿ. ಜೋರು ಮಳೆ ಬಂದ ಮೇಲೆ ಇಳಿಜಾರಿನ ನೀರು ಬಸಿದು ಮೇಲ್ಮೈ ಗಟ್ಟಿಯಾಗುವವರೆಗೆ ಅದರ ಮೇಲೆ ಕಾಲಿಡಬೇಡಿ.

ಡಂಪ್ ನೆತ್ತಿಯಲ್ಲಿ ಅಂಚಿಗೆ ಸಮಾನಾಂತರವಾಗಿ ಬಿರುಕು ಕಂಡರೆ, ಕೂದಲೆಳೆಯಷ್ಟೇ ಇದ್ದರೂ, ಸಮೀಕ್ಷೆ ಅಲ್ಲಿಗೇ ನಿಲ್ಲಲಿ. ಅದು ಗಿಡದ ಸಮಸ್ಯೆಯಲ್ಲ, ಗುಡ್ಡವೇ ಜಾರುವ ಮುನ್ಸೂಚನೆ. ಕೆಳಗಿರುವವರನ್ನು ದೂರ ಸರಿಸಿ ಮ್ಯಾನೇಜರ್‌ಗೆ ತಿಳಿಸಿ. ಬಿರುಕಿನ ಅಗಲ ಅಳೆಯಲು ಅಂಚಿನತ್ತ ಹೋಗಬೇಡಿ.

ಲಕ್ಷಣ: ಉಪಗ್ರಹ ಚಿತ್ರದಲ್ಲಿ ಹಸಿರು ಒಮ್ಮೆಲೆ ಕುಸಿದಿದೆ

ಎನ್‌ಡಿವಿಐ ಎಂಬ ಹಸಿರು ಸೂಚ್ಯಂಕ ಹಿಂದಿನ ವರ್ಷಕ್ಕಿಂತ ಇಳಿದಿದೆ ಎಂದು ಗಾಬರಿಯಾಗುವ ಮುನ್ನ ತಾರೀಖು ನೋಡಿ. ಅಕ್ಟೋಬರ್ ಚಿತ್ರವನ್ನು ಮಾರ್ಚ್ ಚಿತ್ರದ ಜೊತೆ ಹೋಲಿಸಿದರೆ ಈ ಸೀಮೆಯ ಯಾವ ಕಾಡೂ ಸತ್ತಂತೆಯೇ ಕಾಣುತ್ತದೆ. ಇಲ್ಲಿನ ಮರಗಳು ಎಲೆ ಉದುರಿಸುವ ಜಾತಿಯವು.

ತಿಂಗಳು ಸರಿಯಿದ್ದರೆ ಮೋಡ ಮತ್ತು ನೆರಳು. ಮೋಡವನ್ನು ಎಲ್ಲರೂ ತೆಗೆಯುತ್ತಾರೆ, ಮೋಡದ ನೆರಳನ್ನು ಮರೆಯುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವಾಗ ಉತ್ತರಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರಿಗೆ ಬೆಳಕು ಕಡಿಮೆ ಬೀಳುತ್ತದೆ. ಅಲ್ಲಿನ ಅಂಕಿಯನ್ನು ದಕ್ಷಿಣ ಮುಖದ ಇಳಿಜಾರಿನ ಅಂಕಿಯ ಪಕ್ಕ ಇಡಬೇಡಿ.

ಇನ್ನೊಂದು ಕಾರಣ ಬಹಳ ಮಂದಿಯನ್ನು ದಾರಿ ತಪ್ಪಿಸಿದೆ. ಸೆಂಟಿನೆಲ್-2 ಉಪಗ್ರಹದ ದತ್ತಾಂಶ ಸಂಸ್ಕರಣೆ 2022ರ ಜನವರಿ 25ರಿಂದ ಬದಲಾಯಿತು. ಅಲ್ಲಿಂದ ಪ್ರತಿ ಪಟ್ಟಿಯ (ಬ್ಯಾಂಡ್, ಅಂದರೆ ಬೆಳಕಿನ ಒಂದು ಬಣ್ಣದ ಅಳತೆಯ) ಅಂಕಿಗೂ 1000 ಸೇರಿರುತ್ತದೆ, ಪ್ರತಿಫಲನದ ಲೆಕ್ಕದಲ್ಲಿ ಅದು 0.10. ಬಳಸುವ ಮುನ್ನ ಅದನ್ನು ಕಳೆಯಬೇಕು. ಕಳೆಯದಿದ್ದರೆ ಏನಾಗುತ್ತದೆ ನೋಡಿ: ಕೆಂಪು ಪಟ್ಟಿಯ ಪ್ರತಿಫಲನ 0.12, ಅತಿಗೆಂಪು ಪಟ್ಟಿಯದು 0.24 ಇದ್ದರೆ ಎನ್‌ಡಿವಿಐ (ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದ್ದು) 0.33. ಎರಡಕ್ಕೂ 0.10 ಸೇರಿಬಿಟ್ಟರೆ 0.22 ಮತ್ತು 0.34 ಆಗಿ ಸೂಚ್ಯಂಕ 0.21ಕ್ಕೆ ಇಳಿಯುತ್ತದೆ. ನೆಲದಲ್ಲಿ ಒಂದು ಎಲೆಯೂ ಉದುರಿಲ್ಲ, ವರದಿಯಲ್ಲಿ ಮಾತ್ರ ಮೂರನೇ ಒಂದು ಭಾಗ ಹಸಿರು ಮಾಯ. ಕುಸಿತ ಸರಿಯಾಗಿ 2022ರ ಆರಂಭದಿಂದ ಶುರುವಾಗಿ, ಪಕ್ಕದ ಕಾಡಿನಲ್ಲೂ ಹೊಲದಲ್ಲೂ ಹಾಗೇ ಕಂಡರೆ ಮೊದಲು ಇದನ್ನೇ ಹಿಡಿಯಿರಿ. ಗೂಗಲ್ ಅರ್ಥ್ ಎಂಜಿನ್ ಬಳಸುವವರು ‘ಹಾರ್ಮೊನೈಸ್ಡ್’ ಎಂದಿರುವ ಸಂಗ್ರಹ ಆರಿಸಿಕೊಂಡರೆ ಈ ತೊಂದರೆ ಇಲ್ಲ.

ನಂತರ ಗಡಿರೇಖೆ. ಹಳೆಯ ಗುತ್ತಿಗೆ ನಕ್ಷೆಗಳು ಎವರೆಸ್ಟ್ ಎಂಬ ಹಳೆಯ ಭೂಮಾಪನ ಆಧಾರದ ಮೇಲೆ ತಯಾರಾದವು, ಮೊಬೈಲ್ ಮತ್ತು ಉಪಗ್ರಹ ಬಳಸುವುದು ಡಬ್ಲ್ಯೂಜಿಎಸ್-84 ಎಂಬ ಬೇರೆ ಆಧಾರ. ಪರಿವರ್ತನೆ ಮಾಡದೆ ಒಂದರ ಮೇಲೊಂದು ಇಟ್ಟರೆ ಈ ಭಾಗದಲ್ಲಿ ಗಡಿ ನೂರು ಮೀಟರಿಗೂ ಹೆಚ್ಚು ಸರಿಯಬಹುದು. ನಿಮ್ಮ ‘ಡಂಪ್’ನ ಅರ್ಧ ಲಾರಿ ರಸ್ತೆಯ ಮೇಲೆ ಬಿದ್ದಿರುತ್ತದೆ. ನೆಲದಲ್ಲಿ ಗುರುತಿಸಬಲ್ಲ ಎರಡು ಜಾಗ, ಉದಾಹರಣೆಗೆ ತಡೆಗೋಡೆಯ ಮೂಲೆ ಮತ್ತು ಚೆಕ್‌ಡ್ಯಾಮ್, ಚಿತ್ರದಲ್ಲಿ ಸರಿಯಾಗಿ ಕೂರುತ್ತವೆಯೇ ನೋಡಿ. ಸೆಂಟಿನೆಲ್ ಚಿತ್ರದ ಒಂದು ಚೌಕ 10 ಮೀಟರ್. ಹತ್ತು ಹನ್ನೆರಡು ಮೀಟರ್ ಅಗಲದ ಬೆಂಚಿನಲ್ಲಿ (ಡಂಪ್‌ನ ಮೆಟ್ಟಿಲಿನಂಥ ಸಮತಟ್ಟು ಹಂತದಲ್ಲಿ) ಹೆಚ್ಚಿನ ಚೌಕಗಳು ಪಕ್ಕದ ಬೋಳು ಗೋಡೆಯನ್ನೂ ಸೇರಿಸಿಕೊಂಡಿರುತ್ತವೆ. ಅಂಥ ಬೆಂಚುಗಳಿಗೆ ಉಪಗ್ರಹ ನಂಬುವುದಕ್ಕಿಂತ ನಡೆದು ನೋಡುವುದೇ ಲೇಸು.

ಇಷ್ಟೂ ಸರಿಯಿದ್ದು ಕುಸಿತ ಉಳಿದರೆ ಹೋಲಿಕೆಯ ಕಾಡು ತನ್ನಿ. ಅದೇ ಎತ್ತರ, ಅದೇ ದಿಕ್ಕಿನ, ಗಣಿ ಮುಟ್ಟದ ಒಂದು ತುಂಡು ಕಾಡನ್ನು ಗುರುತಿಸಿ. ಒಂದೇ ದಿನದ ಚಿತ್ರದಲ್ಲಿ ಡಂಪ್‌ನ ಸೂಚ್ಯಂಕವನ್ನು ಕಾಡಿನ ಸೂಚ್ಯಂಕದಿಂದ ಭಾಗಿಸಿ. ಎರಡೂ ಒಟ್ಟಿಗೆ ಇಳಿದು ಅನುಪಾತ ಹಾಗೇ ಇದ್ದರೆ ಅದು ಮಳೆ ಕೊರತೆ. ಅನುಪಾತವೇ ಇಳಿದರೆ ಡಂಪ್‌ನಲ್ಲಿ ಏನೋ ಆಗಿದೆ: ಬೆಂಕಿ, ಮೇಯಿಸುವಿಕೆ, ಮಣ್ಣು ಕೊಚ್ಚಿಹೋಗಿರುವುದು, ಅಥವಾ ದೂಳು. ದೂಳಿನ ಪರೀಕ್ಷೆ ಸುಲಭ. ರಸ್ತೆ ಬದಿಯ ಎಲೆಯನ್ನು ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಕೆಂಪಗಾಗಿ ಎಲೆ ಹಸಿರಾಗಿದ್ದರೆ, ಮಳೆ ಬಂದ ಮೇಲಿನ ಚಿತ್ರಕ್ಕೆ ಕಾಯಿರಿ.

ಲಕ್ಷಣ: ಚಿತ್ರದಲ್ಲಿ ಹಸಿರು, ನೆಲದಲ್ಲಿ ನೆಟ್ಟ ಗಿಡವೇ ಇಲ್ಲ

ಸೆಪ್ಟೆಂಬರ್‌ನ ಹುಲ್ಲು ಮತ್ತು ಸ್ಟೈಲೋ ಎಂಬ ಮೇವಿನ ಗಿಡ ಸಾಕು, ಸೂಚ್ಯಂಕ ಚೆನ್ನಾಗಿ ಏರುತ್ತದೆ. ಹುಲ್ಲು ಒಣಗಿದ ಫೆಬ್ರವರಿ ಕೊನೆಯ ಚಿತ್ರ ತೆಗೆದು ನೋಡಿ. ಆಗಲೂ ಹಸಿರಾಗಿರುವ ತೇಪೆಗಳಿದ್ದರೆ ಸಂತೋಷಪಡುವ ಮುನ್ನ ಅಲ್ಲಿಗೆ ನಡೆಯಿರಿ. ಬೇಸಿಗೆಯಲ್ಲೂ ಹಸಿರು ಬಿಡದ್ದು ಹೊರನಾಡಿನಿಂದ ಬಂದು ಹಬ್ಬುವ ಬಳ್ಳಾರಿ ಜಾಲಿ. ಲಂಟಾನವೂ ತೇವ ಇರುವ ಕಡೆ ಹಸಿರಾಗಿಯೇ ಇರುತ್ತದೆ. ಕಾಡಿನಲ್ಲಿ ದಿಂಡಿಗ, ಕಮರ ಬೋಳಾಗಿರುವಾಗ ಡಂಪ್ ಮಾತ್ರ ಹಸಿರಾಗಿದ್ದರೆ ಅದು ಒಳ್ಳೆಯ ಸುದ್ದಿಯಾಗುವ ಸಂಭವ ಕಡಿಮೆ.

ನೆಲದಲ್ಲಿ 10×10 ಮೀಟರ್ ಚೌಕ ಹಾಕಿ ಮರಜಾತಿ ಎಣಿಸಿ, ಅದರೊಳಗೆ 5×5ರಲ್ಲಿ ಪೊದೆ, 1×1ರ ನಾಲ್ಕು ಚೌಕಗಳಲ್ಲಿ ಹುಲ್ಲು, ಸಣ್ಣ ಗಿಡ. ಒಟ್ಟು ಹಸಿರು ಹೊದಿಕೆಯಲ್ಲಿ ಜಾಲಿ ಮತ್ತು ಲಂಟಾನದ ಪಾಲನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಅವೆರಡನ್ನೂ ಸೇರಿಸಿ ಒಂದೇ ಶೇಕಡಾ ಕೊಡುವ ವರದಿಯಿಂದ ನೆಲದ ಸ್ಥಿತಿ ತಿಳಿಯುವುದಿಲ್ಲ.

ಲಕ್ಷಣ: ಬದುಕುಳಿದ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರುತ್ತಿದೆ

ಮೊದಲ ವರ್ಷ ನೂರಕ್ಕೆ 80, ಎರಡನೇ ವರ್ಷ 98. ಸತ್ತ ಗಿಡ ಎದ್ದು ಬರುವುದಿಲ್ಲ, ಆದ್ದರಿಂದ ಈ ಅಂಕಿಯ ಹಿಂದೆ ಮೂರರಲ್ಲಿ ಒಂದು ಕಾರಣ ಇರಲೇಬೇಕು.

ಒಂದು, ಮರುನೆಡುವಿಕೆ. 20 ಸತ್ತವು, ಆ ಗುಂಡಿಗಳಿಗೆ ಹೊಸ ಸಸಿ ಇಟ್ಟರು, 18 ಉಳಿದವು. ಇಂದು ನಿಂತಿರುವುದು 98, ಆದರೆ ಮೊದಲ ತಂಡದ ಬದುಕು 80 ಮಾತ್ರ. ಎರಡೂ ಅಂಕಿ ಬೇಕು, ಬೇರೆಬೇರೆಯಾಗಿ ಬೇಕು. ಪ್ರತಿ ಗಿಡಕ್ಕೂ ನೆಟ್ಟ ವರ್ಷ ಒತ್ತಿದ ಅಲ್ಯೂಮಿನಿಯಂ ಬಿಲ್ಲೆ ಕಟ್ಟಿದರೆ ಗೊಂದಲ ಮುಗಿಯಿತು. ಬಣ್ಣದಲ್ಲಿ ಬರೆದರೆ ಬಿಸಿಲಿಗೆ ಮಾಸುತ್ತದೆ, ಅದಕ್ಕೇ ಮೊಳೆಯಿಂದ ಒತ್ತಿ. ತಂತಿಯನ್ನು ಕೊಂಬೆಗೆ ಬಿಗಿಯಾಗಿ ಸುತ್ತಬೇಡಿ, ಎರಡೇ ವರ್ಷಕ್ಕೆ ತೊಗಟೆಯನ್ನು ಕತ್ತರಿಸಿಬಿಡುತ್ತದೆ. ಬುಡದ ಪಕ್ಕ ಗೂಟಕ್ಕೆ ಕಟ್ಟಿ.

ಎರಡು, ಎಣಿಸುವವರು ಗಿಡ ಎಣಿಸಿದ್ದಾರೆ, ಗುಂಡಿ ಎಣಿಸಿಲ್ಲ. ಗಿಡ ಪೂರ್ತಿ ಕೊಳೆತುಹೋದ ಗುಂಡಿ ಕಣ್ಣಿಗೆ ಬೀಳುವುದಿಲ್ಲ, ಭಿನ್ನರಾಶಿಯ ಕೆಳಗಿನ ಸಂಖ್ಯೆಯಿಂದಲೇ ಜಾರಿಹೋಗುತ್ತದೆ. ನೆಟ್ಟ ಅಂತರ 3 ಮೀಟರ್ ಆಗಿದ್ದರೆ ಟೇಪ್ ಹಿಡಿದು ಪ್ರತಿ 3 ಮೀಟರಿಗೆ ಒಂದು ಜಾಗ ಎಂದು ಎಣಿಸಿ. ಗಿಡ ಇದ್ದರೆ 1, ಇಲ್ಲದಿದ್ದರೆ 0.

ಮೂರು, ದಾರಿ ಬದಿಯ ಎಣಿಕೆ. ಟ್ಯಾಂಕರ್ ಹೋಗುವ ದಾರಿಯ ಎರಡೂ ಬದಿ ಗಿಡ ಚೆನ್ನಾಗಿರುತ್ತವೆ, ಪೈಪ್ ಮುಟ್ಟುವುದು ಅಲ್ಲಿಗೇ. ಸಾಲುಗಳಿಗೆ ನಂಬರ್ ಕೊಟ್ಟು 1ರಿಂದ 10ರೊಳಗೆ ಚೀಟಿ ಎತ್ತಿ. 4 ಬಂದರೆ 4, 14, 24ನೇ ಸಾಲು ನೋಡಿ. ಎಷ್ಟು ಗುಂಡಿ ನೋಡಬೇಕು? ನಿಜವಾದ ಪ್ರಮಾಣ 80ರ ಆಸುಪಾಸು ಇದ್ದರೆ, 100 ಗುಂಡಿಯ ಲೆಕ್ಕ ಆಚೀಚೆ 8 ಅಂಶ ತಪ್ಪಬಹುದು, 400 ಗುಂಡಿಯದು ಸುಮಾರು 4 ಅಂಶ. ಗಿಡಗಳು ಗುಂಪುಗುಂಪಾಗಿ ಸಾಯುವುದರಿಂದ ತಪ್ಪು ಇನ್ನೂ ಸ್ವಲ್ಪ ಹೆಚ್ಚೇ ಇರುತ್ತದೆ. ಆದ್ದರಿಂದ 100 ಗುಂಡಿ ನೋಡಿ ‘ಕಳೆದ ವರ್ಷ 81, ಈ ವರ್ಷ 84, ಸುಧಾರಣೆ’ ಎಂದು ಬರೆಯುವುದಕ್ಕೆ ಆಧಾರವಿಲ್ಲ.

ಇದಕ್ಕೆ ತದ್ವಿರುದ್ಧ ತಪ್ಪೂ ಇದೆ. ಮೇ ತಿಂಗಳಲ್ಲಿ ಹೋಗಿ ಎಲೆಯಿಲ್ಲದ ಗಿಡವನ್ನೆಲ್ಲ ಸತ್ತದ್ದು ಎಂದು ಬರೆದುಬಿಡುವುದು. ಉಗುರಿನಿಂದ ತೊಗಟೆ ತುಸು ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಜೀವಂತ. ಮೇಲೆ ಒಣಗಿದ್ದರೆ ಬುಡದ ಹತ್ತಿರ ಮತ್ತೆ ಕೆರೆಯಿರಿ. ಹೊನ್ನೆಯಂಥ ಕೆಲವು ಮರಗಳ ಎಳೆಗಿಡ ಬೇಸಿಗೆಯಲ್ಲಿ ಮೇಲೆ ಪೂರ್ತಿ ಒಣಗಿ ಮಳೆ ಬಿದ್ದ ಮೇಲೆ ಬೇರಿನಿಂದ ಚಿಗುರುತ್ತದೆ. ಅನುಮಾನವಿದ್ದರೆ ‘ಅನುಮಾನ’ ಎಂದೇ ಬರೆದು ಆಗಸ್ಟ್‌ನಲ್ಲಿ ಮತ್ತೆ ನೋಡಿ. ವರ್ಷಕ್ಕೆ ಎರಡು ಎಣಿಕೆ ಸಾಕು: ಮಳೆ ಮುಗಿದ ನವೆಂಬರ್‌ನಲ್ಲಿ ಒಂದು, ಬೇಸಿಗೆಯ ಕೊನೆಗೆ ಒಂದು.

ಕಾಯಂ ಚೌಕಗಳ ಮೂಲೆ ಸಿಗದೇ ಹೋಗುವುದು ಇನ್ನೊಂದು ನಿತ್ಯದ ಗೋಳು. ಮೊಬೈಲ್ ಜಿಪಿಎಸ್ ಐದು ಮೀಟರ್ ಆಚೀಚೆ ತೋರಿಸುತ್ತದೆ, ಕಬ್ಬಿಣದ ಗೂಟ ನೆಟ್ಟರೆ ಗುಜರಿಗೆ ಹೋಗುತ್ತದೆ. ಅರ್ಧ ಹೂತ ಕಲ್ಲಿಗೆ ಬಣ್ಣ ಬಳಿದು, ದೊಡ್ಡ ಬಂಡೆಯೊಂದರಿಂದ ಟೇಪ್ ಹಿಡಿದು ದೂರ ಬರೆದಿಡಿ. ದಿಕ್ಸೂಚಿಯನ್ನು ಪೂರ್ತಿ ನಂಬಬೇಡಿ. ಅದಿರಿನಲ್ಲಿ ಮ್ಯಾಗ್ನಟೈಟ್ ಇದ್ದ ಕಡೆ ಮುಳ್ಳು ಓಲುತ್ತದೆ. ಒಂದು ತುದಿಯಿಂದ ನೋಡಿದ ಕೋನಕ್ಕೂ ಇನ್ನೊಂದು ತುದಿಯಿಂದ ತಿರುಗಿ ನೋಡಿದ ಕೋನಕ್ಕೂ 180 ಡಿಗ್ರಿ ವ್ಯತ್ಯಾಸ ಬರದಿದ್ದರೆ ಆ ಜಾಗದಲ್ಲಿ ದಿಕ್ಸೂಚಿ ಬೇಡ.

ಲಕ್ಷಣ: ಗಿಡ ಸತ್ತಿಲ್ಲ, ಬೆಳೆಯುತ್ತಲೂ ಇಲ್ಲ

ಮೂರು ವರ್ಷವಾದರೂ ಮೊಣಕಾಲೆತ್ತರ ದಾಟದ ಹೊಂಗೆ, ಬೇವು. ಬದುಕಿನ ಲೆಕ್ಕದಲ್ಲಿ ಇವೆಲ್ಲ ಪಾಸು. ಅದಕ್ಕೇ ಎಣಿಕೆಯ ಜೊತೆ ಎತ್ತರ ಮತ್ತು ಬುಡದ ದಪ್ಪ ಬರೆಯಬೇಕು.

ಮೊದಲು ತುದಿ ನೋಡಿ. ಚಿಗುರು ಹರಿದಂತೆ, ನಾರು ನಾರಾಗಿದ್ದರೆ ಕುರಿ, ಮೇಕೆ. ಅವಕ್ಕೆ ಮೇಲ್ದವಡೆಯಲ್ಲಿ ಮುಂಬಲ್ಲಿಲ್ಲ, ಕಿತ್ತು ತಿನ್ನುತ್ತವೆ. ಚಾಕುವಿನಿಂದ ಓರೆಯಾಗಿ ಕತ್ತರಿಸಿದಂತಿದ್ದರೆ ಮೊಲ. ಕಾರಣ ಮೇಯುವಿಕೆ ಎಂದಾದರೆ ಗೊಬ್ಬರ ಹಾಕಿ ಪ್ರಯೋಜನವಿಲ್ಲ. ಬೇಲಿ, ವಾಚರ್, ಅದಕ್ಕಿಂತ ಮುಖ್ಯವಾಗಿ ಊರಿನ ಕುರಿಗಾಹಿಗಳ ಜೊತೆ ಮಾತುಕತೆ ಬೇಕು. ಹುಲ್ಲು ಕೊಯ್ದು ಒಯ್ಯಲು ಅವರಿಗೆ ಬಿಟ್ಟುಕೊಟ್ಟ ಕಡೆ ಗಿಡ ಉಳಿಯುವ ಸಾಧ್ಯತೆ ಹೆಚ್ಚು.

ಎಲೆ ನೋಡಿ. ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಗಿಡ ಕುಬ್ಜವಾಗಿ, ಹಳೆಯ ಎಲೆ ಕಡು ಹಸಿರು ಅಥವಾ ನೇರಳೆ ಛಾಯೆಗೆ ತಿರುಗಿದ್ದರೆ ರಂಜಕದ ಕೊರತೆ. ಕಬ್ಬಿಣದ ಡಂಪ್‌ನಲ್ಲಿ ಎರಡನೆಯದನ್ನು ಹೆಚ್ಚು ಅನುಮಾನಿಸಿ. ಕಬ್ಬಿಣದ ಆಕ್ಸೈಡ್ ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ಬಿಡುವುದಿಲ್ಲ. ಮೇಲೆ ಚೆಲ್ಲಿದ ಗೊಬ್ಬರ ಮೇಲೆಯೇ ಉಳಿಯುತ್ತದೆ. ಗುಂಡಿಯಲ್ಲಿ ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಬೇರಿನ ಹತ್ತಿರ ಕೊಡಬೇಕು.

ಹೊಂಗೆ, ಸ್ಟೈಲೋದಂಥ ದ್ವಿದಳ ಜಾತಿಯಾದರೆ ಮಳೆಗಾಲದಲ್ಲಿ ಒಂದು ಗಿಡದ ಪಕ್ಕ ಎಚ್ಚರಿಕೆಯಿಂದ ಅಗೆದು ಬೇರಿನ ಗಂಟು ಸೀಳಿ. ಒಳಗೆ ಗುಲಾಬಿ ಬಣ್ಣ ಇದ್ದರೆ ಸಾರಜನಕ ಕಟ್ಟುವ ಕೆಲಸ ನಡೆದಿದೆ. ಬಿಳಿ ಅಥವಾ ಹಸಿರು ಇದ್ದರೆ ಗಂಟು ಇದ್ದೂ ಕೆಲಸವಿಲ್ಲ. ಗಂಟೇ ಇಲ್ಲದಿದ್ದರೆ ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಎಂಬ ಸಾರಜನಕ ಕಟ್ಟುವ ಬ್ಯಾಕ್ಟೀರಿಯಾ ಲೇಪಿಸಿ.

ಅಗೆದಾಗಲೇ ಬೇರಿನ ಆಕಾರ ಗಮನಿಸಿ. ಬೇರು ಗುಂಡಿಯ ಬುಡದಲ್ಲಿ ಸುರುಳಿ ಸುತ್ತಿದ್ದರೆ ನರ್ಸರಿಯ ಚೀಲದಲ್ಲೇ ಸಸಿಗೆ ವಯಸ್ಸಾಗಿತ್ತು. ಅದು ಸುಧಾರಿಸುವುದು ಕಷ್ಟ, ಬದಲಿಸಿ. ಬೇರು ಗುಂಡಿಯ ಗೋಡೆಗೆ ಬಂದು ಅಡ್ಡ ತಿರುಗಿದ್ದರೆ ಗುಂಡಿಯ ಹೊರಗಿನ ಮಣ್ಣು ಬೇರನ್ನು ಒಳಬಿಡುತ್ತಿಲ್ಲ.

ಆಗ ಗಟ್ಟಿತನ ಅಳೆಯಬೇಕು, ಮತ್ತು ಇಲ್ಲಿ ಪುಸ್ತಕದ ಅಂಕಿ ಮೋಸ ಮಾಡುತ್ತದೆ. ಸಾಮಾನ್ಯ ಮಣ್ಣಿನಲ್ಲಿ ಘನ ಸೆಂಟಿಮೀಟರಿಗೆ 1.6, 1.7 ಗ್ರಾಂ ದಾಟಿದರೆ ಬೇರು ಇಳಿಯುವುದಿಲ್ಲ ಎನ್ನುತ್ತಾರೆ. ಅದು ಕಣದ ಸಾಂದ್ರತೆ 2.65 ಇರುವ ಮಣ್ಣಿನ ಮಾತು. ಕಬ್ಬಿಣದ ಅದಿರಾದ ಹೆಮಟೈಟ್‌ನದು 5ಕ್ಕಿಂತ ಹೆಚ್ಚು. ಅದಿರಿನ ಚೂರು ಬೆರೆತ ಡಂಪ್ ಸಡಿಲವಾಗಿದ್ದರೂ ತೂಗಿದರೆ ಭಾರವೇ. ಆದ್ದರಿಂದ ರಂಧ್ರಾವಕಾಶ, ಅಂದರೆ ಕಣಗಳ ನಡುವಿನ ಖಾಲಿ ಜಾಗ, ಲೆಕ್ಕ ಹಾಕಿ. 20 ಸೆಂ.ಮೀ. ಅಗಲ, 20 ಸೆಂ.ಮೀ. ಆಳದ ಗುಂಡಿ ತೋಡಿ, ಬಂದ ಮಣ್ಣು ಕಲ್ಲು ಎಲ್ಲವನ್ನೂ ಚೀಲಕ್ಕೆ ತುಂಬಿ. ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಅಂಚಿನವರೆಗೆ ನೀರು ತುಂಬಲು ಎಷ್ಟು ಲೀಟರ್ ಬೇಕಾಯಿತು ಎಂದು ಅಳೆಯಿರಿ. ಮಣ್ಣನ್ನು 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ ತೂಗಿ. ಕಿಲೋವನ್ನು ಲೀಟರ್‌ನಿಂದ ಭಾಗಿಸಿದರೆ ಸಾಂದ್ರತೆ. ಅದೇ ಒಣ ಮಣ್ಣಿನ 100 ಗ್ರಾಂ ಅನ್ನು ಅಳತೆ ಜಾಡಿಯ ನೀರಿಗೆ ಹಾಕಿ, ಗುಳ್ಳೆ ಹೋಗುವವರೆಗೆ ಕಲಕಿ, ನೀರು ಎಷ್ಟು ಏರಿತು ನೋಡಿ. 26 ಮಿ.ಲೀ. ಏರಿದರೆ ಕಣ ಸಾಂದ್ರತೆ 3.85. ಡಂಪ್‌ನ ಸಾಂದ್ರತೆ 2.0 ಬಂದಿದ್ದರೂ (2.0 ಅನ್ನು 3.85ರಿಂದ ಭಾಗಿಸಿದರೆ 0.52, ಅಷ್ಟು ಕಣ) ಖಾಲಿ ಜಾಗ ನೂರಕ್ಕೆ 48 ಇದೆ ಎಂದಾಯಿತು, ಅಂದರೆ ಗಟ್ಟಿಯಾಗಿಲ್ಲ. ಖಾಲಿ ಜಾಗ 40ಕ್ಕಿಂತ ಕೆಳಗೆ ಬಂದರೆ ಡಂಪರ್ ಚಕ್ರ ತುಳಿದ ನೆಲ ಎಂದುಕೊಳ್ಳಿ. ಸಮತಟ್ಟು ಬೆಂಚಿನಲ್ಲಾದರೆ ರಿಪ್ಪರ್ ಹಾಕಿ ಸೀಳಿಸುವುದೇ ದಾರಿ. ಇಳಿಜಾರಿನಲ್ಲಿ ಯಂತ್ರ ಹಾಕುವ ತೀರ್ಮಾನ ಗಣಿ ಎಂಜಿನಿಯರ್‌ಗೆ ಬಿಡಿ.

ಲ್ಯಾಬಿಗೆ ಮಣ್ಣು ಕಳಿಸುವಾಗ ಗುಂಡಿಯೊಳಗಿನ ಮಣ್ಣೊಂದನ್ನೇ ತೆಗೆದರೆ ಫಲಿತಾಂಶ ಚೆನ್ನಾಗಿಯೇ ಬರುತ್ತದೆ, ಅದು ಹೊರಗಿನಿಂದ ತಂದ ಮೇಲ್ಮಣ್ಣು ಮತ್ತು ಗೊಬ್ಬರ. ಗಿಡ ಸೊರಗಿರುವುದು ಅದರಾಚೆಯ ಮಣ್ಣಿನಿಂದ. ಗುಂಡಿಯೊಳಗಿನದು, ಎರಡು ಗುಂಡಿಗಳ ನಡುವಿನದು ಬೇರೆಬೇರೆ ಚೀಲದಲ್ಲಿ ಹೋಗಲಿ.

ಲಕ್ಷಣ: ಇಳಿಜಾರಿನಲ್ಲಿ ಪಟ್ಟಿ ಪಟ್ಟಿಯಾಗಿ ಗಿಡ ಸಾಯುತ್ತಿದೆ

ಲಾರಿಯಿಂದ ಸುರಿದಾಗ ದೊಡ್ಡ ಕಲ್ಲು ಉರುಳಿ ಬುಡ ಸೇರುತ್ತದೆ, ಸಣ್ಣ ಪುಡಿ ಮೇಲೆಯೇ ನಿಲ್ಲುತ್ತದೆ. ಹೀಗಾಗಿ ಮೇಲ್ಭಾಗದಲ್ಲಿ ಮಳೆಗೆ ಹೆಪ್ಪುಗಟ್ಟುವ ಪದರ, ಕೆಳಗೆ ನೀರು ನಿಲ್ಲದ ಕಲ್ಲುರಾಶಿ. ಸಾವು ಅಡ್ಡಪಟ್ಟಿಯಾಗಿದ್ದರೆ ಕಾರಣ ಈ ವಿಂಗಡಣೆ. ಮೇಲಿಂದ ಕೆಳಕ್ಕೆ ಉದ್ದಪಟ್ಟಿಯಾಗಿದ್ದರೆ ಕೊರಕಲು: ನೆತ್ತಿಯ ಕಾಲುವೆ ತುಂಬಿ ನೀರು ಅಂಚು ದಾಟಿದೆ. ಗಿಡ ಬಿಟ್ಟು ಮೊದಲು ಕಾಲುವೆಯ ಹೂಳು ತೆಗೆಸಿ.

ನೀರು ಇಂಗುವುದನ್ನು ಸಮತಟ್ಟು ಜಾಗದಲ್ಲಿ ನೋಡಿ. 15 ಸೆಂ.ಮೀ. ವ್ಯಾಸದ ಪಿವಿಸಿ ಪೈಪಿನ ತುಂಡನ್ನು ನೆಲಕ್ಕೆ ಅರ್ಧ ಇಳಿಸಿ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ 440 ಮಿ.ಲೀ. ನೀರು ಹಾಕಿ ಹಾಳೆ ಮೆಲ್ಲಗೆ ಎಳೆಯಿರಿ. ಅದು 25 ಮಿ.ಮೀ. ಮಳೆಗೆ ಸಮ. ಅದು ಇಂಗಿದ ಮೇಲೆ ಮತ್ತೊಂದು ಸಲ ಅಷ್ಟೇ ಹಾಕಿ ಎರಡನೆಯದಕ್ಕೆ ಗಡಿಯಾರ ನೋಡಿ. ಒಂದು ಗಂಟೆಯಾದರೂ ಇಂಗದಿದ್ದರೆ ಮೇಲ್ಮೈ ಮುಚ್ಚಿಹೋಗಿದೆ. ಹುಲ್ಲು ಹೊದಿಕೆ ಹಾಕಿ, ಅಡ್ಡ ಕಂದಕ ತೆಗೆಯಿರಿ. ಕೆಲವೇ ಸೆಕೆಂಡಿನಲ್ಲಿ ಮಾಯವಾದರೆ ನೆಲ ನೀರನ್ನು ಹಿಡಿಯುತ್ತಿಲ್ಲ. ಅಲ್ಲಿ ಮರಕ್ಕಿಂತ ಕತ್ತಾಳೆ, ಲಾವಂಚದಂಥವು ಮೊದಲು ನಿಲ್ಲುತ್ತವೆ, ಗುಂಡಿಗೆ ಮೇಲ್ಮಣ್ಣು ಹೆಚ್ಚು ಬೇಕು.

ನಾರಿನ ಹಾಸಿನ ಮೇಲೆ ಹಸಿರು, ಅಡಿಯಲ್ಲಿ ಟೊಳ್ಳು, ಇದೂ ಉಂಟು. ಕೋಲಿನಿಂದ ತಟ್ಟಿ ನೋಡಿ. ಹಾಸು ನೆಲಕ್ಕೆ ಅಂಟಿರದಿದ್ದರೆ ನೀರು ಅದರ ಕೆಳಗೇ ಹರಿದು ಮಣ್ಣು ಕೊಚ್ಚುತ್ತಿರುತ್ತದೆ. ತಡೆಗೋಡೆಯ ರಂಧ್ರಗಳಿಂದ ಬರುವ ನೀರು ಒಮ್ಮೆಲೆ ಕೆಂಪಗಾದರೆ, ಅಥವಾ ಗೋಡೆ ಉಬ್ಬಿದಂತೆ ಕಂಡರೆ ಅಲ್ಲಿಂದ ಸರಿದು ಗಣಿ ಎಂಜಿನಿಯರ್‌ಗೆ ಹೇಳಿ.

ಲಕ್ಷಣ: ಮರ ಎತ್ತರವಾಗಿದೆ, ಕೆಳಗೆ ನೆಲ ಬೋಳು

ಹತ್ತು ವರ್ಷದ ಅಕೇಶಿಯಾ ತೋಪಿನಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತೇವೆ. ಉಪಗ್ರಹಕ್ಕೆ ಪೂರ್ಣಾಂಕ, ಬದುಕಿನ ಲೆಕ್ಕಕ್ಕೂ ಪೂರ್ಣಾಂಕ. ನಮ್ಮ ದೃಷ್ಟಿಯಲ್ಲಿ ಇದು ಇನ್ನೂ ಚೇತರಿಸಿಕೊಂಡ ನೆಲವಲ್ಲ. ಕೇಳಬೇಕಾದ್ದು ಒಂದೇ: ಯಾರೂ ನೆಡದೆ ತಾನಾಗಿ ಹುಟ್ಟಿದ ಸಸಿ ಎಷ್ಟು, ಯಾವ ಜಾತಿಯವು?

1×1 ಚೌಕದಲ್ಲಿ ಮೊಳಕೆ ಎಣಿಸುವಾಗ ನೆಟ್ಟ ಜಾತಿ, ತಾನಾಗಿ ಬಂದ ಕಾಡುಜಾತಿ ಎಂದು ಎರಡು ಸಾಲು ಮಾಡಿ. ಎರಡೂ ಸೊನ್ನೆಯಾದರೆ ಎಲೆಯ ಹಾಸು ಸರಿಸಿ ನೋಡಿ. ದಪ್ಪ ಒಣ ಎಲೆಯ ಕೆಳಗೆ ಬೀಜಗಳಿದ್ದೂ ಮೊಳೆತಿಲ್ಲವೆಂದರೆ ಅವಕ್ಕೆ ಮಣ್ಣು ತಾಗುತ್ತಿಲ್ಲ; ಅಲ್ಲಲ್ಲಿ ಒಂದು ಮೀಟರ್ ತೇಪೆಯನ್ನು ಬಿಡಿಸಿ ಒಂದು ಮಳೆಗಾಲ ಕಾದು ನೋಡಿ. ಬೀಜವೇ ಇಲ್ಲದಿದ್ದರೆ ಹತ್ತಿರದಲ್ಲಿ ಕಾಡಿಲ್ಲ ಅಥವಾ ಹಕ್ಕಿ ಬಂದು ಕೂರುತ್ತಿಲ್ಲ. ಹಣ್ಣು ಬಿಡುವ ಗೋಣಿ, ಬಸರಿ ಮರಗಳ ಕೊಂಬೆ ನೆಡಿ, ಕೆಲವು ಅಕೇಶಿಯಾ ತೆಗೆದು ಬೆಳಕು ಬಿಡಿ. ಮೊಳಕೆ ಮಳೆಗಾಲದಲ್ಲಿ ಇದ್ದು ಬೇಸಿಗೆಗೆ ಇಲ್ಲವಾದರೆ ಮೇಯುವಿಕೆ ಅಥವಾ ಬೆಂಕಿ. ಬುಡದ ತೊಗಟೆಯ ಒಂದೇ ಬದಿ ಕಪ್ಪಾಗಿದೆಯೇ ನೋಡಿ. ಬೇಲಿ ಹಾಕಿದ 5×5 ಮೀಟರ್ ಚೌಕ ಒಂದು, ಪಕ್ಕದಲ್ಲೇ ಬೇಲಿಯಿಲ್ಲದ್ದು ಒಂದು ಇಟ್ಟರೆ ಒಂದು ವರ್ಷದಲ್ಲಿ ಮೇಯುವಿಕೆಯ ಪಾಲು ಗೊತ್ತಾಗುತ್ತದೆ.

ಹುಲ್ಲನ್ನು ಕಳೆ ಎಂದು ಕೀಳಿಸಬೇಡಿ. ಗಣಿಗಾರಿಕೆ ಮುಗಿದ ನೆಲದಲ್ಲಿ ಮೇವು ಬೆಳೆಯುವಂತೆ ಮತ್ತೆ ಹುಲ್ಲು ಹಬ್ಬಿಸುವ ಷರತ್ತನ್ನು ಗುತ್ತಿಗೆಗಳಲ್ಲಿ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಜನವರಿ 8ರಂದು ಕೇಂದ್ರಕ್ಕೆ ನಿರ್ದೇಶಿಸಿದೆ. ಹುಲ್ಲಿನ ಹೊದಿಕೆಯನ್ನು ನಿಮ್ಮ ನಮೂನೆಯಲ್ಲಿ ಮರದಷ್ಟೇ ದೊಡ್ಡ ಕಾಲಂ ಆಗಿ ಇಡಿ.

ತಜ್ಞರನ್ನು ಕರೆಯುವಾಗ

ಎರಡು ಮಳೆಗಾಲ ಕಳೆದರೂ ಡಂಪ್ ಮತ್ತು ಕಾಡಿನ ಸೂಚ್ಯಂಕದ ಅನುಪಾತ ಇಳಿಯುತ್ತಲೇ ಇದ್ದರೆ, ಒಂದೇ ಜಾತಿ ಎಲ್ಲ ಕಡೆ ಒಟ್ಟಿಗೆ ತುದಿಯಿಂದ ಒಣಗುತ್ತಿದ್ದರೆ, ಅಥವಾ ಬುಡದ ಹೊಂಡದ ನೀರು ಕುಡಿದ ದನಕರುಗಳಿಗೆ ಏನಾದರೂ ಆಗಿದ್ದರೆ ಇನ್ನು ನಿಮ್ಮಷ್ಟಕ್ಕೆ ಪರೀಕ್ಷಿಸುವುದನ್ನು ನಿಲ್ಲಿಸಿ ತಜ್ಞರನ್ನು ಕರೆಯಿರಿ. ನೀರಿನ ವಿಷಯದಲ್ಲಿ ಎರಡು ಮಳೆಗಾಲವಲ್ಲ, ಅದೇ ದಿನ.

ಅವರು ಬರುವಷ್ಟರಲ್ಲಿ ಸಿದ್ಧವಿರಬೇಕಾದ್ದು: ಒಂದೇ ಜಾಗದಿಂದ, ಒಂದೇ ದಿಕ್ಕಿಗೆ, ಒಂದೇ ತಿಂಗಳಲ್ಲಿ ತೆಗೆದ ವರ್ಷವಾರು ಫೋಟೋ; ಮಳೆಯ ದಾಖಲೆ; ಮರುನೆಟ್ಟ ತಾರೀಖುಗಳು. ಮಣ್ಣು 0–15 ಮತ್ತು 15–30 ಸೆಂ.ಮೀ. ಆಳದಿಂದ, ಹತ್ತು ಕಡೆಯಿಂದ ತೆಗೆದು ಬೆರೆಸಿದ ಅರ್ಧ ಕಿಲೋ, ನೆರಳಲ್ಲಿ ಒಣಗಿಸಿ, ಬಟ್ಟೆ ಚೀಲದಲ್ಲಿ. ಕಬ್ಬಿಣದ ಸಲಿಕೆ ತುಕ್ಕು ಹಿಡಿದಿದ್ದರೆ ಬಳಸಬೇಡಿ. ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಒಂದನ್ನು ಒಳಗೆ, ಇನ್ನೊಂದನ್ನು ಹೊರಗೆ ಕಟ್ಟಿ. ಸತ್ತ ಗಿಡವೊಂದನ್ನು ಬೇರುಸಮೇತ, ಪಕ್ಕದ ಆರೋಗ್ಯವಂತ ಗಿಡದ ಎಲೆಗಳ ಜೊತೆ ಕಾಗದದಲ್ಲಿ ಸುತ್ತಿಡಿ. ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಮಾರನೇ ದಿನವೇ ಬೂಸ್ಟು ಬಂದು, ರೋಗ ಯಾವುದು ಬೂಸ್ಟು ಯಾವುದು ಎಂದು ಹೇಳಲಾಗುವುದಿಲ್ಲ.